ಎಲೆಯ ಮರ್ಯಾದೆ

ಗೀರು ಮುಚ್ಚಿಹೋಗಿತ್ತು. ಪೈಡಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕಿಟಕಿಯಾಚೆ ಬಿಸಿಲೇರುತ್ತಿದ್ದ ವಿಶಾಖಪಟ್ಟಣದ ಸಮುದ್ರವನ್ನು ಒಂದು ಗಳಿಗೆ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ತಪ್ಪು ಕನ್ನಡಕದ್ದಲ್ಲವೆಂದು ಗೊತ್ತಿದ್ದೂ ಒರೆಸಿದ್ದಕ್ಕೆ ತನ್ನ ಮೇಲೇ ಸ್ವಲ್ಪ ನಾಚಿಕೆಪಟ್ಟುಕೊಂಡು ಮತ್ತೆ ಬಗ್ಗಿದಳು. ಮುಚ್ಚಿಹೋಗಿತ್ತು. ಗಾಜಿನ ಬಟ್ಟಲಿನ ತಳದಲ್ಲಿ ಚಾಪೆ ಹಾಸಿದ ಹಾಗೆ ಬೆಳೆಸಿದ, ಬಾಯಿಯ ಕ್ಯಾನ್ಸರಿನ ಜೀವಕೋಶಗಳು; ನಿನ್ನೆ ಅವುಗಳ ನಡುವೆ ಅವಳೇ ಸಣ್ಣ ಮೊನೆಯಿಂದ ಎಳೆದಿದ್ದ ಗೀರು; ಇವತ್ತು ಎರಡೂ ದಡಗಳಿಂದ ಕೋಶಗಳು ನಡೆದುಬಂದು, ಒಂದಕ್ಕೊಂದು ಹೆಗಲು ತಾಗಿಸಿ, ಇಲ್ಲಿ ಏನೂ ನಡೆದೇ ಇಲ್ಲ ಎನ್ನುವಂತೆ ಕೂತಿದ್ದವು. ಹೀಗೆ ನಡೆಯುವ ಚಾಳಿಯೇ ಅವುಗಳನ್ನು ಬಾಯಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಶ್ವಾಸಕೋಶಕ್ಕೆ ಒಯ್ಯುವುದು. ಗೋಂಗೂರದ, ಅಂದರೆ ಹುಳಿ ಪುಂಡಿ ಸೊಪ್ಪಿನ, ಸಾರ ಹಾಕಿದರೆ ಅವು ನಡೆಯುವುದಿಲ್ಲ, ದಡದಲ್ಲೇ ನಿಂತುಬಿಡುತ್ತವೆ ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದವಳು ಅವಳು. ಈ ಬಟ್ಟಲಿಗೂ ಅದೇ ಸಾರವನ್ನೇ ಹಾಕಿದ್ದಳು. ಹಾಕುವ ಮುಂಚೆ ಕ್ಷಾರ ಬೆರೆಸಿ ಅದರ ಹುಳಿಯನ್ನು ಮುರಿದಿದ್ದಳು, ಅಷ್ಟೇ. ಪಕ್ಕದ ಬಟ್ಟಲಲ್ಲಿ ಎಲೆಯೇ ಇರಲಿಲ್ಲ. ಅಷ್ಟೇ ಹುಳಿಯಿರುವ ಹುಣಸೆ ನೀರಿತ್ತು. ಅಲ್ಲಿ ಗೀರು ನಿನ್ನೆ ಎಳೆದ ಹಾಗೆಯೇ, ಎರಡು ದಡವೂ ಚೊಕ್ಕಟವಾಗಿ, ತೆರೆದುಕೊಂಡೇ ಇತ್ತು.

ಹಾಗಾದರೆ ಎಲೆಯಲ್ಲ, ಹುಳಿ. ಹುಳಿನೀರಿನಲ್ಲಿ ಎಂಥ ಕೋಶಕ್ಕಾದರೂ ಕೈಕಾಲು ಕಟ್ಟಿಹೋಗುತ್ತದೆ. ಅದಕ್ಕೆ ಯಾವ ಎಲೆಯೂ ಬೇಕಿಲ್ಲ, ಯಾವ ಪೈಡಿಯೂ ಬೇಕಿಲ್ಲ. ಇಂಥ ಹೊತ್ತಿನಲ್ಲಿ ಭಯ ಬರಬೇಕಾಗಿತ್ತು. ಅವಳು ಭಯಪಡುವುದರಲ್ಲಿ ನುರಿತವಳು. ಬಾಗಿಲಿಗೆ ಬೀಗ ಹಾಕಿ ಬೀದಿಯ ಕೊನೆಯಿಂದ ವಾಪಸು ಹೋಗಿ ಎಳೆದು ನೋಡುವವಳು, ಎದುರಿಗಿದ್ದವರ ಹುಬ್ಬು ಕೂಡಿದರೆ ತಾನು ಆಡಿದ ಮಾತುಗಳನ್ನೆಲ್ಲ ಹಿಂದಿನಿಂದ ಮುಂದಕ್ಕೆ ಒಂದೊಂದೇ ತೆಗೆದು ಪರೀಕ್ಷಿಸುವವಳು. ಆದರೆ ಈಗ ಬಂದದ್ದು ಭಯವಲ್ಲ. ಕಾಲಿನ ಕೆಳಗಿನ ಮರಳು ಜಾರಿ ಜಾರಿ ಕೊನೆಗೊಮ್ಮೆ ಪಾದಕ್ಕೆ ಬಂಡೆ ಸಿಕ್ಕಿದರೆ ಹೇಗೋ ಹಾಗಿತ್ತು. ಇದು ನಿಜ, ಇದರ ಮೇಲೆ ನಿಲ್ಲಬಹುದು ಎನ್ನಿಸಿತು. ಕಳೆದ ವಾರ ಮಾರುಕಟ್ಟೆಯಲ್ಲಿ ಕೆಂಪು ಕಡ್ಡಿಯ ಗೋಂಗೂರ ಸಿಗದೆ ಬಿಳಿ ಕಡ್ಡಿಯದನ್ನು ತಂದು ಸಾರ ಮಾಡಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಕೋಶಗಳಿಗೆ ಹಾಕುವ ದ್ರವಕ್ಕೆ ಮೊದಲೇ ಒಂದು ಬಣ್ಣ ಬೆರೆತಿರುತ್ತದೆ. ಎಲ್ಲ ಸರಿಯಿದ್ದರೆ ಕೆಂಪು, ಹುಳಿ ಏರಿದರೆ ಹಳದಿ. ಹೊಸದಾಗಿ ಸೇರಿದ ಹುಡುಗರಿಗೂ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಬಿಳಿ ಕಡ್ಡಿಯ ಸಾರ ಬಿದ್ದಕೂಡಲೇ ಬಟ್ಟಲುಗಳು ಅವಳ ಕಣ್ಣೆದುರಿಗೇ ನಿಂಬೆಹಣ್ಣಿನ ಹಳದಿಗೆ ತಿರುಗಿದ್ದವು. ಎರಡು ವರ್ಷ ಅದು ಕಾಣಿಸಿರಲಿಲ್ಲ, ಯಾಕೆಂದರೆ ಕೆಂಪು ಕಡ್ಡಿಯ ರಸ ತಾನೇ ಕೆಂಪು. ಅದು ಆ ಹಳದಿಯ ಮೇಲೆ ಹೊದಿಕೆ ಹೊದೆಸಿದ ಹಾಗೆ ಕೂತುಬಿಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ಎರಡೂ ಬಗೆಯ ಸೊಪ್ಪು ತಂದು ನೋಡುತ್ತಿದ್ದರು. ಆದರೆ ಅವಳ ಹಾಗೆ ಭೀಮಿಲಿಯ ಕಡಲ ಮಗ್ಗುಲಲ್ಲಿ ಹುಟ್ಟಿದವರು ಬಿಳಿ ಗೋಂಗೂರವನ್ನು ಗೋಂಗೂರವೆಂದೇ ಒಪ್ಪುವುದಿಲ್ಲ. 'ಅದು ಜ್ವರ ಬಂದವರ ಸೊಪ್ಪು ಕಣೇ, ನಾಲಿಗೆ ಸತ್ತವರು ತಿನ್ನೋದು,' ಎಂದು ಪೆದ್ದಮ್ಮ ತರಕಾರಿಯವಳ ಬುಟ್ಟಿಯಿಂದ ಎತ್ತಿ ಬಿಸಾಕುತ್ತಿದ್ದುದನ್ನು ನೋಡುತ್ತ ಬೆಳೆದವಳಿಗೆ, ವಿಜ್ಞಾನದ ಹೆಸರಿನಲ್ಲಾದರೂ ಅದನ್ನು ಕೈಯಲ್ಲಿ ಮುಟ್ಟಬೇಕೆಂದು ಹೊಳೆದಿರಲಿಲ್ಲ.

ಪೆದ್ದಮ್ಮ ಎಂದರೆ ತಾಯಿಯ ಅಕ್ಕ ಮಸೇನಮ್ಮ. ತಾಯಿ ಹೋದ ಮೇಲೆ ಸಾಕಿದವಳು. ಭೀಮಿಲಿಯ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಚಿಕ್ಕವಳಿದ್ದಾಗ ಪೈಡಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ, ಮೇಲೆ ಪೆದ್ದಮ್ಮನ ಎರಡೂ ಕೈ ಹರಿದ ಬಲೆಯಲ್ಲಿ ಓಡಾಡುತ್ತಿದ್ದವು, ತುಟಿ ಬಿಗಿದು ಮುಚ್ಚಿರುತ್ತಿತ್ತು, ಮೂಗಿನಿಂದ ಹೊಗೆ ಬರುತ್ತಿತ್ತು. ಆ ಕಡೆಯ ಹೆಂಗಸರ ಅಡ್ಡ ಚುಟ್ಟ ಅದು: ಹೊತ್ತಿಸಿದ ತುದಿಯನ್ನು ಬಾಯೊಳಗಿಟ್ಟುಕೊಂಡು ತುಟಿ ಮುಚ್ಚಿಬಿಟ್ಟರೆ ಕಡಲ ಗಾಳಿಗೆ ಕಿಡಿ ಆರುವುದಿಲ್ಲ, ಕೈ ಬಿಡುವಾಗಿರುತ್ತದೆ, ಬೂದಿ ಮೀನಿನ ಮೇಲೆ ಉದುರುವುದಿಲ್ಲ. ಸುಡುವುದಿಲ್ಲವೇ ಎಂದು ಕೇಳಿದರೆ ಪೆದ್ದಮ್ಮ ಚುಟ್ಟ ತೆಗೆದು, 'ಸುಡ್ತದೆ. ಅದಕ್ಕೇ ಗೋಂಗೂರ ತಿನ್ನೋದು. ಬೆಂಕಿ ಮುಂದಕ್ಕೆ ಹೋಗದ ಹಾಗೆ ಅದು ತಡೀತದೆ,' ಎನ್ನುತ್ತಿದ್ದಳು. ಸಂಶೋಧನೆಗೆ ಸೇರುವ ಸಂದರ್ಶನದಲ್ಲಿ ಏನು ಮಾಡಬೇಕೆಂದಿದ್ದೀಯ ಎಂದು ಕೇಳಿದಾಗ, ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತು ಪೈಡಿಯ ಬಾಯಿಗೆ ಬಂದದ್ದು ಆ ಮಾತೇ. ಅಲ್ಲಿದ್ದವರು ನಕ್ಕಿದ್ದರು, ಆಮೇಲೆ ಬರೆದುಕೊಂಡಿದ್ದರು. ಎರಡು ತಿಂಗಳ ಹಿಂದೆ ಊರಿನ ಪತ್ರಿಕೆಯೊಂದು ಗೋಂಗೂರ ತಿಂದರೆ ಕ್ಯಾನ್ಸರ್ ಹರಡದು ಎಂದು ಅವಳ ಫೋಟೋ ಸಮೇತ ಹಾಕಿದಾಗ ಪೆದ್ದಮ್ಮ ಮಾರುಕಟ್ಟೆಗೆಲ್ಲ ಬಾಳೆಹಣ್ಣು ಹಂಚಿದಳು. ಅದಾದ ಮೂರನೇ ವಾರಕ್ಕೆ ಅವಳ ಅಂಗುಳದ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ಕುತ್ತಿಗೆಗೆ ಇನ್ನೂ ಹೋಗಿಲ್ಲ, ಈಗಲೇ ಅಂಗುಳದ ಅಷ್ಟು ಭಾಗ ತೆಗೆದು ಅಲ್ಲಿಗೊಂದು ಪ್ಲೇಟು ಕೂರಿಸಿದರೆ ಬದುಕುತ್ತಾಳೆ, ಹೋದ ಮೇಲೆ ಕಷ್ಟ ಎಂದರು ವೈದ್ಯರು. ಮಸೇನಮ್ಮ ಶಸ್ತ್ರಚಿಕಿತ್ಸೆಯ ಒಂದು ದಿನಾಂಕ ತಪ್ಪಿಸಿದಳು. 'ಹರಡಬಾರದು ಅಷ್ಟೇ ತಾನೇ? ಅದಕ್ಕೆ ನಿನ್ನ ಎಲೆ ಇದೆಯಲ್ಲ. ಇದ್ದಲ್ಲೇ ಇರ್ಲಿ ಬಿಡು, ನಾನು ಸಾಕ್ಕೋತೀನಿ,' ಎಂದಳು. ಅದು ಪೈಡಿಯದೇ ವಾಕ್ಯ. ಕೋಶಗಳು ಸಾಯುವುದಿಲ್ಲ, ಹರಡುವುದಿಲ್ಲ ಎಂದು ಎಷ್ಟು ಜೋಪಾನವಾಗಿ, ಒಂದು ಪದ ಹೆಚ್ಚಾಗದಂತೆ ಕಡಿಮೆಯಾಗದಂತೆ ಅವಳು ತನ್ನ ಪ್ರಬಂಧದಲ್ಲಿ ಬರೆದಿದ್ದಳೋ ಅಷ್ಟೇ ಜೋಪಾನವಾಗಿ ಪೆದ್ದಮ್ಮ ಅದನ್ನು ವಾಪಸು ಕೊಟ್ಟಿದ್ದಳು. ಎರಡನೆಯ ದಿನಾಂಕ ನಾಳೆ.

ಅವಳ ಗೈಡ್ ಪ್ರೊಫೆಸರ್ ಸೋಮಯಾಜುಲು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ಅವರ ಕೋಣೆಗೆ ಹೋಗುವಾಗೆಲ್ಲ ಅವಳಿಗೆ ಮೀನಿನ ವಾಸನೆಯಿದೆಯೇ ಎಂದು ತನ್ನ ಕೈಯನ್ನು ಮೂಸಿ ನೋಡಿಕೊಳ್ಳುವ ಅಭ್ಯಾಸವಿತ್ತು. ಮೊದಲ ವರ್ಷ ಯಾರೋ ಅವಳು ಬಂದು ಕೂತಕೂಡಲೇ ಎದ್ದು ಕಿಟಕಿ ತೆರೆದಿದ್ದರು, ಸೆಕೆಗೇ ಇರಬಹುದು. ಇವತ್ತು ಮೂಸಿಕೊಳ್ಳಲು ಮರೆತು ಒಳಗೆ ಹೋಗಿ, ನಿಂತುಕೊಂಡೇ ಹೇಳಿದಳು.

"ಮಾಸ್ಟಾರೂ, ಹುಳಿ ಮುರಿದ್ರೆ ಎಲೆ ಏನೂ ಮಾಡ್ತಿಲ್ಲ."

"ಕೂತ್ಕೋಮ್ಮಾ ಮೊದ್ಲು." ಅವರು ಎಲ್ಲ ಕೇಳಿಸಿಕೊಂಡರು. ಕಾಫಿ ಆರಿತು. "ಹುಳಿಯೂ ಎಲೇದೇ ಅಲ್ವೇನಮ್ಮಾ? ನೀನೇನು ಹೊರಗಿಂದ ತಂದು ಹಾಕಿದ್ಯಾ?"

"ಹುಣಸೆಹಣ್ಣೂ ಅಷ್ಟೇ ಮಾಡ್ತಿದೆ."

"ಸರಿ, ಮುಂದಿನ ಪೇಪರು ಹುಣಸೆಹಣ್ಣಿನ ಮೇಲೆ." ತಮ್ಮ ತಮಾಷೆಗೆ ತಾವೇ ನಕ್ಕು, ಅವಳು ನಗದಿದ್ದುದನ್ನು ನೋಡಿ ಲೋಟ ಕೆಳಗಿಟ್ಟರು. "ಒಂದು ಸಲ ನೋಡಿ ಹೀಗೆ ಮುಗಿಸಿಬಿಡಬಾರದು. ಇನ್ನೊಂದು ತಿಂಗಳು ಮಾಡು, ಆಮೇಲೆ ಯೋಚನೆ ಮಾಡೋಣ."

"ಮಾಡ್ತೀನಿ. ಎಷ್ಟು ಸಲ ಬೇಕಾದ್ರೂ ಮಾಡ್ತೀನಿ. ನನ್ನ ಪೆದ್ದಮ್ಮನಿಗೆ ಒಂದು ತಿಂಗಳಿಲ್ಲ."

ಅವರಿಗೆ ಪೆದ್ದಮ್ಮ ಗೊತ್ತು. ಎಲ್ಲ ಭಾಷಣಗಳನ್ನೂ ಅವರು ಆ ಮುದುಕಿಯ ಚುಟ್ಟದಿಂದಲೇ ಶುರುಮಾಡುತ್ತಿದ್ದರು. ಹೈದರಾಬಾದಿನಲ್ಲಿ ಜನ ಬಿದ್ದು ಬಿದ್ದು ನಕ್ಕಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಪೈಡಿಯೂ ನಕ್ಕಿದ್ದಳು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. "ಪತ್ರಿಕೆಯವನಿಗೆ ನಾನು ಗಾಜಿನ ಬಟ್ಟಲಲ್ಲಿ ಅಂತ ಸ್ಪಷ್ಟವಾಗಿ ಹೇಳಿದ್ದೆ," ಎಂದರು ಸೋಮಯಾಜುಲು. "ಅವನು ಬಟ್ಟಲು ಬಿಟ್ಟು ಮಿಕ್ಕಿದ್ದು ಬರೆದ." ಆಮೇಲೆ, ಚುಚ್ಚದೆ ಇರಲಾರದೆ, "ನಮ್ಮ ಮನೇಲಿ ತಿನ್ನೋದೇ ಬಿಳಿ ಕಡ್ಡಿಯದು. ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದರು.

"ಎರಡು ವರ್ಷ ನೀವೂ ಅದೇ ಬಟ್ಟಲು ನೋಡಿದ್ರಿ ಮಾಸ್ಟಾರೂ."

ಮಾತು ಹೊರಗೆ ಬಿದ್ದ ಮೇಲೆ ಅವಳು ಅವರ ಹುಬ್ಬಿನ ಕಡೆ ನೋಡಲಿಲ್ಲ. ನೋಡಬೇಕೆನ್ನಿಸಲಿಲ್ಲ. ಸೋಮಯಾಜುಲು ಆರಿದ ಕಾಫಿಯನ್ನೇ ಕುಡಿದು, "ನಮ್ಮ ಪೇಪರು ಸದ್ಯಕ್ಕೆ ತಡೆಹಿಡೀರಿ ಅಂತ ಜರ್ನಲ್ಲಿನವರಿಗೆ ಬರೀತೀನಿ," ಎಂದರು. ಆಮೇಲೆ ಅವಳು ಬಾಗಿಲ ಹತ್ತಿರ ಹೋದಾಗ, "ನಿಮ್ಮ ಪೆದ್ದಮ್ಮ ಒಪ್ಪದಿದ್ರೆ ನಾನು ಬಂದು ಹೇಳ್ಲಾ?" ಎಂದು ಕೇಳಿದರು. ಬೇಡವೆಂದಳು. ಅವರು ಕೇಳಿದ್ದು ನಿಜವಾದ ಕಳಕಳಿಯಿಂದಲೇ ಎಂಬುದು ಮೆಟ್ಟಿಲು ಇಳಿಯುವಾಗ ಹೊಳೆದು, ತಾನು ಇನ್ನೊಂದು ಒಳ್ಳೆಯ ಮಾತಾಡಬಹುದಾಗಿತ್ತು ಎನ್ನಿಸಿತು.

ಭೀಮಿಲಿಯ ಬಸ್ಸು ಕಡಲ ಪಕ್ಕದಲ್ಲೇ ಓಡಿತು. ಕಿಟಕಿಯ ಸರಳಿಗೆ ಹಣೆಯಿಟ್ಟು ಕೂತವಳಿಗೆ ಪೆದ್ದಮ್ಮನ ಎದುರು ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಜೋಡಿಸಿಕೊಳ್ಳಬೇಕಿತ್ತು. ಆದರೆ ಜೋಡಿಸಲು ಹೋದಾಗೆಲ್ಲ ಆಸ್ಪತ್ರೆಯ ಆ ಕೋಣೆಯೇ ಎದುರು ಬರುತ್ತಿತ್ತು. ವೈದ್ಯರು ಚಮಚದಂಥದ್ದೊಂದರಿಂದ ಪೆದ್ದಮ್ಮನ ನಾಲಿಗೆ ಅದುಮಿ ಹಿಡಿದು, ಹಿಂದೆ ನಿಂತ ವಿದ್ಯಾರ್ಥಿಗಳನ್ನು ಕರೆದರು. ನೋಡಿ, ಅಡ್ಡ ಚುಟ್ಟ ಸೇದುವವರ ಅಂಗುಳ ಹೇಗಿರುತ್ತದೆ ಅಂತ, ಈಗೀಗ ಇಂಥದ್ದು ಅಪರೂಪ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಒಬ್ಬ ಹುಡುಗಿ ಉಸಿರು ಬಿಗಿಹಿಡಿದಿದ್ದಳು. ತೆರೆದ ಬಾಯಿಯ ಮೇಲೆ ಪೆದ್ದಮ್ಮನ ಎರಡು ಕಣ್ಣು ಪೈಡಿಯನ್ನೇ ನೋಡುತ್ತಿದ್ದವು, ಇದೆಲ್ಲ ಸರಿ ತಾನೇ, ಇದು ಹೀಗೇ ಇರುತ್ತದೆ ತಾನೇ ಎಂದು ಕೇಳುವ ಹಾಗೆ. ಪೈಡಿ ನೆಲದ ಹಾಸುಗಲ್ಲಿನ ಬಿರುಕೊಂದನ್ನು ನೋಡುತ್ತ ವೈದ್ಯರಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ, ಆದರೆ ಇಂಗ್ಲಿಷಿನಲ್ಲಿ ಕೇಳಬೇಕಾಗಿರಲಿಲ್ಲ. ತಾನು ಚಮಚದ ಈ ಕಡೆಯವಳು ಎಂದು ಆ ಹುಡುಗಿಗೆ ಗೊತ್ತಾಗಲಿ ಎಂದಷ್ಟೇ ಕೇಳಿದ್ದು. ಹೊರಗೆ ಬಂದ ಮೇಲೆ ಪೆದ್ದಮ್ಮ ಬಾಯಿ ಒರೆಸಿಕೊಂಡು, 'ಎಷ್ಟು ಚೆನ್ನಾಗಿ ಮಾತಾಡ್ತೀಯೇ, ಆ ಡಾಕ್ಟರು ಬೆಪ್ಪಾಗಿಬಿಟ್ರು,' ಎಂದಿದ್ದಳು. ಬಸ್ಸಿನಲ್ಲಿ ಪಕ್ಕದವಳ ಮಡಿಲಲ್ಲಿದ್ದ ಮಗು ಪೈಡಿಯ ಕನ್ನಡಕಕ್ಕೆ ಕೈಹಾಕಿತು. ಅವಳು ಅದರ ಬೆರಳು ಬಿಡಿಸಿ, ಬಿಡಿಸಿದ ಬೆರಳನ್ನು ಇಳಿಯುವ ತನಕ ಹಿಡಿದುಕೊಂಡೇ ಇದ್ದಳು.

ಮಾರುಕಟ್ಟೆಯಲ್ಲಿ ಮಧ್ಯಾಹ್ನದ ಎರಡನೇ ಸುತ್ತಿನ ಮೀನು ಬಂದಿತ್ತು. ಹಲಗೆಗಳ ಹಿಂದೆ ಸಾಲಾಗಿ ಕೂತ ಹೆಂಗಸರು, ಕಾಲಡಿಗೆ ಹರಿಯುವ ಮಂಜುಗಡ್ಡೆಯ ನೀರು. ಪೈಡಿಯನ್ನು ಮೊದಲು ಕಂಡವಳು ಪೆದ್ದಮ್ಮನ ಪಕ್ಕದ ಹಲಗೆಯ ಅಪ್ಪಾಯಮ್ಮ.

"ಓಲಮ್ಮೋ! ಪೇಪರಿನಮ್ಮ ಬಂದ್ಲು ನೋಡ್ರೇ! ಫೋಟೋದಲ್ಲಿ ಇದಕ್ಕಿಂತ ದಪ್ಪ ಇದ್ಲು."

ಮಸೇನಮ್ಮ ತುಟಿಯ ನಡುವಿಂದ ಏನನ್ನೋ ಸರಕ್ಕನೆ ತೆಗೆದು ಹಲಗೆಯ ಕೆಳಗೆ ಸರಿಸಿದಳು. ಮೂಗಿನಿಂದ ಹೊಗೆ ಮಾತ್ರ ಅವಳ ಮಾತು ಕೇಳದೆ ಹೊರಗೆ ಬಂತು.

"ಬಿಟ್ಟೆ ಅಂದಿದ್ದೆ."

"ಬಿಟ್ಟಿದೀನಿ. ಇದು ಅಪ್ಪಾಯಮ್ಮಂದು, ಹಿಡ್ಕೋ ಅಂದ್ಲು."

"ಬಾಯಲ್ಲಿ ಹಿಡ್ಕೋ ಅಂದ್ಲಾ?"

ಅಕ್ಕಪಕ್ಕದವರು ಗೊಳ್ಳೆಂದು ನಕ್ಕರು. ಮಸೇನಮ್ಮನೂ ನಕ್ಕು, ನಗುವಾಗ ಅಂಗುಳ ನೊಂದು ಕೆನ್ನೆಗೆ ಕೈಯಿಟ್ಟುಕೊಂಡಳು. "ಈ ಹೊತ್ತಲ್ಲಿ ಯಾಕೆ ಬಂದೆ? ಕೆಲಸದಿಂದ ಓಡಿಸಿದ್ರಾ?"

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು. ಕರ್ಕೊಂಡು ಹೋಗೋಕೆ ಬಂದೆ."

"ಅದು ಆಗೋ ಮಾತಲ್ಲ. ಊಟ ಮಾಡಿದ್ಯಾ?"

ಪೈಡಿ ಹಲಗೆಯ ಈಚೆ, ಒದ್ದೆ ನೆಲದ ಮೇಲೆ, ಸೀರೆಯ ಅಂಚು ನೋಡದೆ ಕುಕ್ಕರುಗಾಲಲ್ಲಿ ಕೂತಳು. ಈಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು. "ಪೆದ್ದಮ್ಮ, ಎಲೆ ಏನೂ ಮಾಡಲ್ಲ," ಎಂದಳು.

ಮಸೇನಮ್ಮ ಮೊದಲು ನೋಡಿದ್ದು ಅವಳನ್ನಲ್ಲ, ಅಪ್ಪಾಯಮ್ಮನನ್ನು. ಅಪ್ಪಾಯಮ್ಮ ಯಾರಿಗೋ ಸಿಗಡಿ ಅಳೆಯುತ್ತಿದ್ದಳು. "ಮೆಲ್ಲಗೆ ಹೇಳೇ."

"ನಾನು ತಪ್ಪು ನೋಡಿದ್ದೆ. ಅವು ನಿಂತಿದ್ದು ಎಲೆಗಲ್ಲ, ಹುಳಿಗೆ. ಬರೀ ಹುಣಸೆ ನೀರು ಹಾಕಿದ್ರೂ ನಿಲ್ತವೆ."

"ಹಾಗಾದ್ರೆ ಹುಣಸೆಹಣ್ಣು ತಿಂತೀನಿ ಬಿಡು. ಬಿಡಿಸೋ ಸೋಸೋ ಕೆಲಸ ಉಳೀತು."

"ನೀನು ಮಣಗಟ್ಟಲೆ ತಿಂದ್ರೂ ರಕ್ತ ಹುಳಿ ಆಗೋಕೆ ಮೈ ಬಿಡಲ್ಲ. ಆ ಬಟ್ಟಲಷ್ಟು ಹುಳಿ ನಿನ್ನ ರಕ್ತಕ್ಕೆ ಬಂದ್ರೆ ಕ್ಯಾನ್ಸರಿಗಿಂತ ಮುಂಚೆ ನೀನೇ ಹೋಗ್ತೀಯ."

"ರಕ್ತ ಯಾಕೆ? ಹುಣ್ಣು ಬಾಯಲ್ಲೇ ಇದೆ. ಊಟ ಮಾಡುವಾಗ ತಾಗತ್ತಲ್ಲ."

ವಾದ ಮಾಡುವುದರಲ್ಲಿ ಪೆದ್ದಮ್ಮ ಸೋಮಯಾಜುಲುಗಿಂತ ಒಂದು ಕೈ ಮೇಲು ಎಂದು ಪೈಡಿಗೆ ಅನ್ನಿಸಿ, ಆ ಹೊತ್ತಿನಲ್ಲೂ ಹೆಮ್ಮೆಯಂಥದ್ದೊಂದು ಸುಳಿಯಿತು. "ತಾಗತ್ತೆ. ನುಂಗಿದ ಮೇಲೆ ಹೋಗತ್ತೆ. ನೀನು ಮುಂಬಾಗಿಲು ಎಷ್ಟು ತೊಳೆದ್ರೂ ಹಿತ್ತಿಲಿಂದ ಹೋಗೋನು ನಿಲ್ತಾನಾ? ಅದು ಒಳಗಿಂದ ಹೋಗತ್ತೆ ಪೆದ್ದಮ್ಮ. ಇಲ್ಲಿಗೆ." ಕೈಚಾಚಿ ಪೆದ್ದಮ್ಮನ ದವಡೆಯ ಕೆಳಗೆ, ಕುತ್ತಿಗೆಯ ಮೃದುವಾದ ಜಾಗದಲ್ಲಿ ಬೆರಳಿಟ್ಟಳು. ಪರೀಕ್ಷೆ ಮಾಡಲೆಂದಲ್ಲ, ಆದರೂ ಬೆರಳು ತಾನಾಗಿ ಹುಡುಕಿತು. ಏನೂ ತಾಗಲಿಲ್ಲ. ಇನ್ನೂ ಏನೂ ಇಲ್ಲ.

ಮಸೇನಮ್ಮ ಎದ್ದಳು. ಪೈಡಿಯ ರಟ್ಟೆ ಹಿಡಿದು, ಹಲಗೆಗಳ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆಗಳ ಮರೆಗೆ ಎಳೆದುಕೊಂಡು ಹೋದಳು. ಮೀನು ಮಾರುವವಳ ಹಿಡಿತ ಅದು, ರಟ್ಟೆ ನೊಂದಿತು.

"ನಂಗೇನು ಗೊತ್ತಿಲ್ಲ ಅಂದ್ಕೊಂಡ್ಯಾ? ಎರಡು ತಿಂಗಳಿಂದ ಹೊತ್ತು ಹೊತ್ತಿಗೂ ಅದನ್ನೇ ತಿಂತಿದೀನಿ. ಹುಣ್ಣು ಅಕ್ಕಿಕಾಳಷ್ಟೂ ಕಮ್ಮಿಯಾಗಿಲ್ಲ, ಹೆಚ್ಚೇ ಆಗಿದೆ. ಕನ್ನಡಿಲಿ ನೋಡಲ್ವಾ ನಾನು? ಅನ್ನ ನುಂಗೋಕೆ ಆಗಲ್ಲ, ಗಂಜಿ ಕುಡೀತಿದೀನಿ."

"ಗೊತ್ತಿದ್ದೂ ಯಾಕೆ ಬರಲ್ಲ?"

ಮಸೇನಮ್ಮ ಪೆಟ್ಟಿಗೆಯ ಮೇಲಿನ ಮರದ ಹೊಟ್ಟನ್ನು ಕೈಯಿಂದ ಗುಡಿಸತೊಡಗಿದಳು. "ಕತ್ತಿಗೆ ಹೆದರ್ತೀನಿ ಅಂದ್ಕೊಂಡ್ಯಾ ನೀನು. ಎಷ್ಟು ಕೊಯ್ದಿಲ್ಲ ನಾನು ಜೀವನದಲ್ಲಿ," ಎಂದಳು. ಆಮೇಲೆ ಬೇರೆಯೇ ದನಿಯಲ್ಲಿ, "ನಾನೇ ಹೋಗಿ ಅಲ್ಲಿ ಮಲಗಿದ್ರೆ ಇವ್ರೆಲ್ಲ ಏನಂತಾರೆ? ಪೈಡಿ ಎಲೆನ ಅವಳ ಪೆದ್ದಮ್ಮನೇ ನಂಬಲಿಲ್ಲ ಅಂತಾರೆ. ನಮ್ಮ ಕುಲದಲ್ಲಿ ಯಾರ ಫೋಟೋ ಬಂದಿತ್ತು ಹೇಳು ಪೇಪರಲ್ಲಿ? ದೋಣಿ ಮುಳುಗಿದಾಗ ಬರ್ತದೆ. ಒಳ್ಳೇ ಮಾತಿಗೆ ಯಾರದು ಬಂದಿತ್ತು? ಅದನ್ನ ನನ್ನ ಕೈಯಾರೆ ಕೆಡಿಸ್ಲಾ?"

ಇಷ್ಟು ದಿನ ಪೈಡಿ ತಾನು ಹೆದರಿಕೆಯೊಂದಿಗೆ, ಅಜ್ಞಾನದೊಂದಿಗೆ, ಹಟದೊಂದಿಗೆ ವಾದ ಮಾಡುತ್ತಿದ್ದೇನೆಂದು ತಿಳಿದಿದ್ದಳು. ಪೆದ್ದಮ್ಮನಿಗೆ ಅರ್ಥವಾಗಲಿ ಎಂದು ಚಿತ್ರ ಬರೆದು ತೋರಿಸಿದ್ದಳು. ಆ ಚಿತ್ರಗಳನ್ನೆಲ್ಲ ಪೆದ್ದಮ್ಮ ತಲೆಯಾಡಿಸುತ್ತ ನೋಡಿದ್ದು ಅರ್ಥವಾಗದೆ ಅಲ್ಲ. ಎಲೆಯ ಮರ್ಯಾದೆಯನ್ನು ಅವಳು ಬಾಯೊಳಗಿಟ್ಟುಕೊಂಡು ತುಟಿ ಮುಚ್ಚಿ ಕೂತಿದ್ದಳು. ಅಳುವುದಕ್ಕೆ ಇದು ಹೊತ್ತಲ್ಲ ಎನ್ನುವುದು ಪೈಡಿಗೆ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಪ್ಪಾಯಮ್ಮತ್ತೆ ಬಾಯಲ್ಲಿ ಬಿಳಿ ಮಚ್ಚೆ ಇತ್ತಲ್ಲ. ತೋರಿಸು ಅಂದಿದ್ದೆ. ಹೋದ್ಲಾ?"

"ಎಲ್ಲಿಗೆ ಹೋಗ್ತಾಳೆ? ಅವಳೂ ಎಲೆ ತಿಂತಿದಾಳೆ. ನಾನೇ ಹೇಳ್ದೆ." ಮಸೇನಮ್ಮನ ಕೈ ಹೊಟ್ಟಿನ ಮೇಲೆ ನಿಂತಿತು. "ಎಲ್ರೂ ತಿಂತಿದಾರೆ."

ಪೈಡಿ ಪೆಟ್ಟಿಗೆಗಳ ಮರೆಯಿಂದ ಹೊರಗೆ ಬಂದಳು. ಬರಬೇಡವೆಂದು ಪೆದ್ದಮ್ಮ ಸೆರಗು ಹಿಡಿದದ್ದು ತಿಳಿಯಿತು, ಸೆರಗು ಜಗ್ಗಿಕೊಂಡೇ ಬಂದಳು. ಹಲಗೆಗಳ ಸಾಲಿನ ನಡುವೆ ನಿಂತಾಗ, ಇಲ್ಲಿ ಹೀಗೆಯೇ ನಿಂತು ಪೆದ್ದಮ್ಮನ ಪರವಾಗಿ ಮೀನು ಕೂಗುತ್ತಿದ್ದ ಲಂಗದ ಹುಡುಗಿಯೊಬ್ಬಳು ನೆನಪಿಗೆ ಬಂದಳು. ಹೈಸ್ಕೂಲಿನ ಗೆಳತಿ ನೋಡಿಬಿಟ್ಟಳೆಂದು ಒಂದು ದಿನ ಕೂಗುವುದನ್ನು ನಿಲ್ಲಿಸಿದವಳು ಮತ್ತೆ ಎಲ್ಲಿಯೂ ಕೂಗಿರಲಿಲ್ಲ. ಹೊಟ್ಟೆಯಿಂದ ದನಿ ತೆಗೆಯಬೇಕು, ಗಂಟಲಿಂದ ತೆಗೆದರೆ ಒಡೆಯುತ್ತದೆ.

"ಕೇಳ್ರಮ್ಮೋ! ಎಲ್ರೂ ಕೇಳಿ! ಪೇಪರಲ್ಲಿ ಬಂದಿದ್ದು ನಾನು, ಪೈಡಿತಲ್ಲಿ! ಗೋಂಗೂರ ತಿಂದ್ರೆ ಕ್ಯಾನ್ಸರ್ ನಿಲ್ಲಲ್ಲ! ನಿಲ್ಲತ್ತೆ ಅಂತ ನಾನು ತಪ್ಪಾಗಿ ನೋಡಿದ್ದೆ! ಇವತ್ತು ಸರಿಯಾಗಿ ನೋಡ್ದೆ, ನಿಲ್ಲಲ್ಲ!"

ದನಿ ಒಡೆಯಲಿಲ್ಲ. ಮಾರುಕಟ್ಟೆಯ ಆ ತುದಿಯಲ್ಲಿ ಕತ್ತಿ ಮಸೆಯುತ್ತಿದ್ದವನೂ ಕೈ ನಿಲ್ಲಿಸಿದ. ಪೇಟೆಯ ಗಿರಾಕಿಯೊಬ್ಬರು ಚೀಲವನ್ನು ಎದೆಗೊತ್ತಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು.

ಮೊದಲು ಬಾಯಿ ಬಿಟ್ಟವಳು ಅಪ್ಪಾಯಮ್ಮ. "ಹಾಗಾದ್ರೆ ದಿನಾ ಹುಳಿ ತಿಂದು ಹಲ್ಲು ಜುಂ ಅನ್ನಿಸ್ಕೊಂಡಿದ್ದು ದಂಡಾನಾ?"

"ಊಟ ಅಂತ ತಿನ್ನು ಅತ್ತೆ, ಒಳ್ಳೇ ಸೊಪ್ಪು. ಔಷಧಿ ಅಂತ ತಿನ್ನಬೇಡ."

"ಇಷ್ಟು ಹೇಳೋಕೆ ಇಷ್ಟು ವರ್ಷ ಓದಿದ್ಯಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ನಗು ಎದ್ದಿತು. "ಬಾಳೆಹಣ್ಣು ವಾಪಸು ಕೇಳ್ಬೇಡ ಮಸೇನಮ್ಮಾ, ಅರಗಿಹೋಯ್ತು!" ಎಂದಳು ಇನ್ನೊಬ್ಬಳು. ಪೈಡಿಯ ಕಿವಿ ಬಿಸಿಯಾಯಿತು. ಆ ನಗು ಅವಳ ಮೇಲೆ ಬಿದ್ದು, ಹರಿದು, ಕಾಲಡಿಯ ನೀರಿನ ಜೊತೆಗೆ ಚರಂಡಿಗೆ ಹೋಯಿತು. ಇಷ್ಟೇನಾ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟಕ್ಕೆ ಹೆದರಿ ಎಷ್ಟೊಂದು ಬಾಗಿಲುಗಳ ಬೀಗ ಎಳೆದು ನೋಡಿದ್ದಳು!

"ಕತ್ತರಿಸಿದ್ರೆ?" ಅಪ್ಪಾಯಮ್ಮ ನಗಲಿಲ್ಲ. "ಕತ್ತರಿಸಿದ್ರೆ ನಿಲ್ಲತ್ತಾ? ಅದನ್ನಾದ್ರೂ ಸರಿಯಾಗಿ ನೋಡಿದೀಯಾ?"

"ಅದನ್ನ ನೋಡಿದ್ದು ನಾನಲ್ಲ ಅತ್ತೆ, ತುಂಬಾ ಜನ, ತುಂಬಾ ವರ್ಷ ನೋಡಿದಾರೆ. ಕುತ್ತಿಗೆಗೆ ಹೋಗೋ ಮುಂಚೆ ತೆಗೆದ್ರೆ ಬಹಳ ಜನಕ್ಕೆ ನಿಲ್ಲತ್ತೆ. ಎಲ್ಲರಿಗೂ ಅಂತ ಹೇಳಲ್ಲ. ಬಹಳ ಜನಕ್ಕೆ."

ಇಷ್ಟು ಅಳೆದು ಆಡಿದ ಮಾತು ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹೆಚ್ಚು ಹೇಳಲು ಮನಸ್ಸು ಬರಲಿಲ್ಲ. ಕಡಿಮೆ ಹೇಳುವ ಅಗತ್ಯವೂ ಇರಲಿಲ್ಲ. ಅಪ್ಪಾಯಮ್ಮ ಸಿಗಡಿಯ ಕೈಯನ್ನು ನೀರಲ್ಲಿ ಅದ್ದಿ, ಸೊಂಟಕ್ಕೆ ಒರೆಸಿಕೊಂಡು, ಹಲಗೆಯ ಮೇಲೆ ಮುಂದಕ್ಕೆ ಬಾಗಿ ಬಾಯಿ ತೆರೆದಳು. ಪೈಡಿ ಫೋನಿನ ಬೆಳಕು ಹಾಕಿ ಒಂದು ಕೈಯಿಂದ ಅವಳ ಗಲ್ಲ ಹಿಡಿದು ನೋಡಿದಳು. ಚುಟ್ಟದ, ಸಿಗಡಿಯ, ಹುಳಿಯ ವಾಸನೆ. ಅಂಗುಳದ ಮೇಲೆ ಗೋಡೆಯ ಸುಣ್ಣ ಎದ್ದಂಥ ಬಿಳಿ, ಅದರ ನಡುವೆ ಒಂದು ಕೆಂಪು ಚುಕ್ಕೆ. ಅದು ಏನೆಂದು ಅವಳಿಗೆ ಗೊತ್ತಿಲ್ಲ, ಗೊತ್ತಿಲ್ಲವೆಂದೇ ಹೇಳಿದಳು. ಗೊತ್ತಿರುವವರಿಗೆ ತೋರಿಸಬೇಕು, ತಡಮಾಡಬಾರದು ಎಂದಳು. ಅಪ್ಪಾಯಮ್ಮ ಬಾಯಿ ಮುಚ್ಚಲಿಲ್ಲ, ಮುಚ್ಚಿದರೆ ಅದು ನಿಜವಾಗಿಬಿಡುತ್ತದೆ ಎನ್ನುವವಳ ಹಾಗೆ ಹಾಗೇ ತೆರೆದುಕೊಂಡು ಪೈಡಿಯ ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಪೈಡಿಯೂ ತಿರುಗಿದಳು.

ಮಸೇನಮ್ಮ ಪೆಟ್ಟಿಗೆಗಳ ಹತ್ತಿರ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮುಖದಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಏನಿತ್ತೋ ಪೈಡಿ ಊಹಿಸಲು ಹೋಗಲಿಲ್ಲ. ಅವಳು ನಿಧಾನವಾಗಿ ಬಂದು, "ಮುಚ್ಚೇ ಬಾಯಿ, ನೊಣ ಹೋಗ್ತದೆ," ಎಂದು ಅಪ್ಪಾಯಮ್ಮನ ಗಲ್ಲಕ್ಕೆ ಕೈಯಿಟ್ಟು ಮುಚ್ಚಿಸಿದಳು. ಪೈಡಿಯ ಕಡೆ ನೋಡದೆ, "ಗಂಟಲು ಕೆಟ್ಟಿಲ್ಲ ಇನ್ನೂ ನಿಂದು," ಎಂದಳು. ತನ್ನ ಹಲಗೆಯ ಹಿಂದೆ ಹೋಗಿ ಕೂತು, ಸೊಂಟ ನೆಟ್ಟಗೆ ಮಾಡಿಕೊಂಡು, ಬಾಡುತ್ತಿದ್ದ ಬಂಗುಡೆಗಳ ಮೇಲೆ ಎರಡು ಬೊಗಸೆ ನೀರು ಚಿಮುಕಿಸಿದಳು. ಆಮೇಲೆ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮಾರುಕಟ್ಟೆಯ ಆ ತುದಿಯವರೆಗೆ ಕೇಳುವ ಹಾಗೆ ಕೂಗಿದಳು:

"ಬಂಗುಡೇ! ಬಂಗುಡೇ! ನಾಳೆ ನಾನು ಕೂರಲ್ಲ, ಅಪ್ಪಾಯಮ್ಮನೂ ಕೂರಲ್ಲ! ಬೇಕಾದವರು ಇವತ್ತೇ ತಗೊಂಡು ಹೋಗಿ!"